ಒಣ ಸೀರೆ ಉಟ್ಟವರಿಗೆ ಮಾತ್ರ

ಮಾನ್ಯ ವೈದ್ಯಾಧಿಕಾರಿಗಳೇ,

ದಾವಣಗೆರೆಯಲ್ಲಿ ತಾವು ನಡೆಸುತ್ತಿರುವ ಹೆಂಗಸರ ಆಸ್ಪತ್ರೆಯ ಬಾಗಿಲಿಗೆ ಒಂದು ಫಲಕ ತೂಗುಹಾಕಿದ್ದೀರಿ: ‘ಶುಚಿಯಾದ, ಒಣಗಿದ ಬಟ್ಟೆ ತೊಟ್ಟವರಿಗೆ ಮಾತ್ರ ಒಳಗೆ ಪ್ರವೇಶ.’ ಅಕ್ಷರಗಳು ದುಂಡಗಿವೆ, ಕಾಗುಣಿತದಲ್ಲಿ ಒಂದೂ ತಪ್ಪಿಲ್ಲ. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವನು ನಾನು, ಅಷ್ಟನ್ನು ಹೇಳಬಲ್ಲೆ. ಆ ಫಲಕ ನನ್ನ ಮಗಳನ್ನು ಎರಡು ಸಲ ಮನೆಗೆ ಕಳಿಸಿತು. ಮೊದಲ ಸಲ ಅವಳ ಸೀರೆ ಒದ್ದೆಯಾಗಿದೆಯೆಂದು. ಎರಡನೆಯ ಸಲ ಒಣಗಿದೆಯೆಂದು.

ಮಗಳ ಹೆಸರು ಕೊಟ್ರವ್ವ, ವಯಸ್ಸು ಇಪ್ಪತ್ತು. ಅವಳ ತಾಯಿ ತೀರಿಹೋಗಿ ಹನ್ನೆರಡು ವರ್ಷ. ಹೆಂಗಸರು ಹೆಂಗಸರಲ್ಲಿ ಪಿಸುಗುಟ್ಟಬೇಕಾದ ಮಾತನ್ನು ನಾನು ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದಿದೆ. ಗುತ್ತೂರಿಗೆ ಕೊಟ್ಟಿದ್ದೆ. ಹೋದ ಶ್ರಾವಣದಲ್ಲಿ ಚೊಚ್ಚಲ ಹೆರಿಗೆ, ಮೂರು ದಿನ ನೋವು ತಿಂದಳು. ಕೂಸು ಸತ್ತೇ ಹುಟ್ಟಿತು. ಸೂಲಗಿತ್ತಿ ದುರುಗವ್ವ ಕೈಮುಗಿದು, “ತಾಯಿ ಉಳಿದ್ಲಲ್ಲ ಮೇಷ್ಟ್ರೇ, ಅಷ್ಟೇ ಸಾಕನ್ರಿ” ಎಂದಳು. ಸಾಕೆಂದುಕೊಂಡೆವು. ವಾರ ಕಳೆಯುವಷ್ಟರಲ್ಲಿ ಗೊತ್ತಾಯಿತು, ಒಳಗೆಲ್ಲೋ ಹರಿದುಹೋಗಿದೆ, ಮೂತ್ರ ಅವಳ ಹಿಡಿತದಲ್ಲಿಲ್ಲ. ಕೂತರೂ ಮಲಗಿದರೂ ಸೋರುತ್ತದೆ. ಅತ್ತೆಮನೆಯವರು ಅವಳ ಹಾಸಿಗೆಯನ್ನು ದನದ ಕೊಟ್ಟಿಗೆಗೆ ಹಾಕಿದರು. ಆಮೇಲೆ ಅವಳನ್ನೇ ಗಾಡಿಯಲ್ಲಿ ತಂದು ಮಾಯಕೊಂಡದ ನಮ್ಮ ಅಂಗಳದಲ್ಲಿ ಇಳಿಸಿದರು. ಅಳಿಯ ಭರಮಣ್ಣ ಗಾಡಿಯಿಂದ ಕೆಳಗಿಳಿಯಲಿಲ್ಲ. “ವಾಸಿ ಮಾಡ್ಸಿ ಕಳ್ಸ್ರಿ ಮಾವ, ಬ್ಯಾಡ ಅನ್ನಲ್ಲ. ಯುಗಾದಿ ಗಂಟ ಕಾಯ್ತೀನಿ. ಆಮ್ಯಾಲೆ ಮನ್ಯಾಗಿನೋರು ಬೇರೆ ಹೆಣ್ಣು ನೋಡ್ತಾರೆ” ಎಂದ.

ಇದಕ್ಕೆ ಶಸ್ತ್ರಚಿಕಿತ್ಸೆ ಉಂಟು, ತಿಂಗಳಿಗೊಂದು ಮಂಗಳವಾರ ದೊಡ್ಡ ಡಾಕ್ಟರು ಬರುತ್ತಾರೆ ಎಂದು ಕೇಳಿ ಮಗಳನ್ನು ರೈಲಿನಲ್ಲಿ ಕರೆತಂದೆ. ನರ್ಸಮ್ಮ ಮೂಗಿಗೆ ಸೆರಗು ಹಿಡಿದು ಫಲಕ ತೋರಿಸಿದರು. “ಓದಾಕ ಬರ್ತೈತಲ್ರಿ ಯಜಮಾನ್ರೇ? ಒಳಗೆ ಬಾಣಂತೇರು ಅದಾರೆ. ಒಣಗಿಸ್ಕಂಡು ಮುಂದಿನ ತಿಂಗ್ಳು ಕರ್ಕಂಬರ್ರಿ.” ಒಣಗಿಸಿಕೊಂಡು! ಸ್ವಾಮಿ, ಅವಳು ಬಂದದ್ದೇ ಅದಕ್ಕಲ್ಲವೇ? ಕಾಲು ಮುರಿದವನಿಗೆ ಓಡಿಕೊಂಡು ಬಾ ಎನ್ನುತ್ತೀರಾ? ಜ್ವರದವನಿಗೆ ಮೈ ತಣ್ಣಗೆ ಮಾಡಿಕೊಂಡು ಬಾ ಎಂದು ಇನ್ನೊಂದು ಫಲಕ ಬರೆಸಿದ್ದೀರಾ? ಆದರೆ ಅಂದು ನಾನು ಇದೊಂದನ್ನೂ ಕೇಳಲಿಲ್ಲ. ಬರೆದಿಟ್ಟದ್ದನ್ನು ಪಾಲಿಸಬೇಕೆಂದು ಊರ ಮಕ್ಕಳಿಗೆಲ್ಲ ಹೇಳಿಕೊಟ್ಟ ಬಾಯಿ ನನ್ನದು. ಕೊಟ್ರವ್ವನಿಗೆ ಓದು ಬಾರದು. ಮೇಷ್ಟ್ರ ಮಗಳಿಗೇ ಓದು ಬಾರದು, ಆ ನಾಚಿಕೆಗೇಡನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅವಳಿಗೆ ಆ ಫಲಕವನ್ನು ಗಟ್ಟಿಯಾಗಿ, ಎರಡು ಸಲ ಓದಿ ಹೇಳಿದೆ.

ಮರುತಿಂಗಳು ರೈಲಿನಲ್ಲಿ ಅವಳು ನೆಟ್ಟಗೆ ಕೂತಿದ್ದಳು. ಸೀರೆ ಒಣಗಿತ್ತು. ಚಹಾ ಬೇಡವೆಂದಳು. ತುಟಿ ಒಡೆದಿತ್ತು, ಮಾಗಿಯ ಚಳಿಗೆಂದುಕೊಂಡೆ. ಎಂಥ ಕುರುಡ ನಾನು! ನರ್ಸಮ್ಮ ಈ ಸಲ ನಗುತ್ತ ಒಳಗೆ ಬಿಟ್ಟರು. ಐದು ನಿಮಿಷಕ್ಕೆ ಚೀಟಿ ಹಿಡಿದು ಹೊರಬಂದಳು. ‘ಬಟ್ಟೆ ಒಣಗಿದೆ. ಸೋರಿಕೆ ಇಲ್ಲ. ವಾಸಿ.’ ಕೆಳಗೆ ರುಜು, ಮೊಹರು. ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡೆ, ಸ್ವಾಮಿ. ನನ್ನ ಮಗಳು ತಾನಾಗಿಯೇ ಗುಣವಾದಳೆಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಎಲ್ಲರೆದುರು ಅತ್ತೆ. ಸ್ಟೇಷನ್ನಿನಲ್ಲಿ ಗೋಲಿ ಸೋಡ ಕೊಡಿಸಿದೆ. ಒಂದೇ ಉಸಿರಿಗೆ ಕುಡಿದಳು, ಇನ್ನೊಂದು ಕೇಳಿದಳು, ಆಮೇಲೆ ಹೋಗಿ ನಲ್ಲಿಗೆ ಬಾಯಿಟ್ಟಳು. ರೈಲು ತೋಳಹುಣಸೆ ದಾಟುವಷ್ಟರಲ್ಲಿ ಬೆಂಚಿನ ಕೆಳಗೆ ಹನಿ ಬೀಳತೊಡಗಿತು. ಎದುರಿಗಿದ್ದವರು ಗಂಟು ಎತ್ತಿಕೊಂಡು ದೂರ ಸರಿದರು.

“ವಾಸಿ ಅಂತ ಬರ್ದಾರಲ್ಲವ್ವ?” ಎಂದೆ.

“ಭಾನುವಾರ ಸಂಜಿಂದ ನೀರು ಮುಟ್ಟಿರ್ಲಿಲ್ಲಪ್ಪ. ಒಣಗಿದ್ರೇನೇ ಒಳಗೆ ಬಿಡ್ತಾರಂತ ನೀನೇ ಓದಿದ್ಯಲ್ಲ.”

“ಡಾಕ್ಟರಿಗೆ ಹೇಳ್ಲಿಲ್ಲೇನೇ ತಾಯಿ?”

“ಹೇಳಿದೆ. ಸೀರೆ ಒಣಗೈತಲ್ಲ, ಮತ್ತೇನು, ಅಂದ್ರು. ಹಿಂದೆ ಭಾಳ ಜನ ನಿಂತಿದ್ರು.”

ಮರುದಿನ ನಾನೊಬ್ಬನೇ ಓಡಿಬಂದೆ. ವಾಸಿಯೆಂದು ರುಜುವಾದವರ ಹೆಸರನ್ನು ಮತ್ತೆ ಬರೆದುಕೊಳ್ಳಲು ಬರುವುದಿಲ್ಲವೆಂದರು ತಮ್ಮ ಗುಮಾಸ್ತರು. ಮೆಟ್ಟಿಲ ಪಕ್ಕದಲ್ಲಿ ಹರಿಹರದ ಖೈರುನ್ನೀಸಾ ಎಂಬ ಹೆಣ್ಣುಮಗಳು ಕೂತಿದ್ದಳು. ಅವಳಿಗೂ ಇದೇ ಕಾಯಿಲೆ, ನಾಲ್ಕನೆಯ ಸಲ ಬಂದಿದ್ದಾಳೆ. ನನ್ನ ಗೋಳು ಕೇಳಿ, “ನಾನೂ ಹಂಗೇ ನೀರು ಬಿಟ್ಟಿದ್ದೆ ಮಾಸ್ತರ್ ಸಾಬ್, ನಿನ್ನೆ ಇಲ್ಲೇ ತಲಿ ತಿರುಗಿ ಬಿದ್ದೆ” ಎಂದಳು. ತಮ್ಮ ಫಲಕ ಎಷ್ಟು ಹೆಣ್ಣುಮಕ್ಕಳಿಗೆ ಉಪವಾಸ ಕಲಿಸಿದೆ, ತಮಗೆ ಗೊತ್ತೇ?

ಯುಗಾದಿಗೆ ಮುಂಚೆ ದೊಡ್ಡ ಡಾಕ್ಟರು ಬರುವ ಮಂಗಳವಾರ ಇನ್ನೊಂದೇ ಉಳಿದಿದೆ. ಆ ಫಲಕ ಇಳಿಸಿ. ಚೀಟಿಯಲ್ಲಿ ಬರೆದ ಸುಳ್ಳನ್ನು ಹೊಡೆದುಹಾಕಿ, ಅವಳನ್ನು ಮಲಗಿಸಿ ಪರೀಕ್ಷಿಸಿ. ಹಾಸಿಗೆ ಕೆಡುತ್ತದೆಂದಾದರೆ ಹುಲ್ಲು ನಾನು ತರುತ್ತೇನೆ, ವರಾಂಡದಲ್ಲೇ ಮಲಗುತ್ತಾಳೆ. ಇನ್ನೊಂದು ಬೇಡಿಕೆ ಇದೆ. ಈಗ ಅವಳು ನನ್ನ ಮಾತು ನಂಬುವುದಿಲ್ಲ. ಕುಡಿಯವ್ವ ಎಂದರೆ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಡುತ್ತಾಳೆ. ಬಾಗಿಲಿಗೆ ಬಂದಾಗ ಹೆಸರು, ಊರು ಕೇಳುವ ಮೊದಲು ತಾವೇ ಅವಳಿಗೆ ಒಂದು ಲೋಟ ನೀರು ಕೊಡಿ. ಅವಳು ಕುಡಿದು ಮುಗಿಸುವವರೆಗೂ ದಯಮಾಡಿ ಅಲ್ಲೇ ನಿಂತಿರಿ.

ಇಂತಿ,
ನಿವೃತ್ತ ಉಪಾಧ್ಯಾಯ ವಾಮದೇವಪ್ಪ, ಮಾಯಕೊಂಡ,
ಆ ಫಲಕವನ್ನು ಮಗಳಿಗೆ ಓದಿ ಹೇಳಿದ ತಂದೆ