ಲಾಲ್‌ಬಾಗ್ ನೋಡದೆ ಬಂದದ್ದು

ದುದ್ದ
೧೧-೬-೧೯೬೧, ಭಾನುವಾರ

ನನ್ನ ಪ್ರೀತಿಯ ಹೊನ್ನಕ್ಕ,

ನೀನೂ ನಿನ್ನ ಹೊಟ್ಟೆಯೊಳಗಿನ ಯಜಮಾನರೂ ಚೆನ್ನಾಗಿದ್ದೀರೆಂದು ತಿಳಿದುಕೊಂಡೇ ಈ ಕಾಗದ ಶುರು ಮಾಡಿದ್ದೇನೆ. ಇಲ್ಲಿ ನಾವು ಮೂವರೂ ಆರಾಮ. ಅವ್ವ ಮಾತ್ರ ಬೆಂಗಳೂರಿನಿಂದ ಬಂದಾಗಿನಿಂದ ನಿಮ್ಮ ವಠಾರದ ನಲ್ಲಿಯ ಸುದ್ದಿಯನ್ನು ಕೇರಿಯವರಿಗೆಲ್ಲ ಹೇಳಿ ಹೇಳಿ ಗಂಟಲು ಕೂರಿಸಿಕೊಂಡಿದ್ದಾಳೆ. ತಿರುಗಿಸಿದರೆ ನೀರು ಬರುವುದು ದೊಡ್ಡದಲ್ಲವಂತೆ, ತಿರುಗಿಸಿದರೆ ನಿಲ್ಲುತ್ತದಲ್ಲ, ಅದು ದೊಡ್ಡದಂತೆ.

ನೀನು ಕಾಗದದಲ್ಲಿ ಜಗಳ ತೆಗೆದಿದ್ದೀಯ. ಊರು ನೋಡಿಕೊಂಡು ಬನ್ನಿ ಎಂದು ಬುತ್ತಿ ಕಟ್ಟಿ ಕಳಿಸಿದರೆ ಲಾಲ್‌ಬಾಗ್ ಬಿಟ್ಟು ವಿಧಾನಸೌಧಕ್ಕೇ ಎರಡು ಸಲ ಹೋದಿರಂತೆ, ನಿಮ್ಮಪ್ಪನಿಗೆ ಏನಾಗಿತ್ತು ಎಂದು ಕೇಳಿದ್ದೀಯ. ಬಸವರಾಜಣ್ಣ ನಗುತ್ತಾರೆಯೇ ಹೊರತು ಹೇಳುವುದಿಲ್ಲವಂತೆ. ಎಲ್ಲಿಂದ ಹೇಳುತ್ತಾರೆ? ಅವತ್ತು ನಿನ್ನ ಗಂಡ ನನ್ನ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದಾರೆ. ತುಂಬಿದ ಬಸುರಿ ನೀನು, ಮನೆಯಲ್ಲೇ ಉಳಿದೆ. ನೀನಿದ್ದಿದ್ದರೆ ನನ್ನ ಪಕ್ಷವೇ ಹಿಡಿಯುತ್ತಿದ್ದೆ. ಪೂರ್ತಿ ಕೇಳು.

ನಾವು ಬಂದದ್ದು ಊರು ನೋಡುವುದಕ್ಕಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ಹಾಸನದ ಹಾಸ್ಟೆಲಿನಲ್ಲಿ ಒಂದೇ ಲಾಂದ್ರದ ಬೆಳಕಿನಲ್ಲಿ ಓದಿ ನಾವಿಬ್ಬರೂ ಟ್ರೈನಿಂಗ್ ಮುಗಿಸಿದೆವು. ನೀನು ಮದುವೆಯಾಗಿ ಹೋದೆ, ನನಗೆ ಕೆಲಸ ಸಿಕ್ಕಿತು. ಸಿಕ್ಕಿದ್ದು ಅರಕಲಗೂಡು ಕಡೆಯ ಆ ಹಳ್ಳಿಯಲ್ಲಿ. ಅಲ್ಲಿ ಸ್ಕೂಲಿಗೆ ಕಟ್ಟಡವಿಲ್ಲ, ಈಶ್ವರನ ಗುಡಿಯ ಜಗಲಿಯ ಮೇಲೆ ನಡೆಯುತ್ತದೆ. ನಮ್ಮ ಕೇರಿಯವರು ಯಾವ ಊರಿನ ಗುಡಿಯ ಜಗಲಿಯನ್ನೂ ಹತ್ತಿದವರಲ್ಲ. ಕಾನೂನು ಬಂದು ವರ್ಷಗಳಾದವು, ಕಾನೂನು ಹಳ್ಳಿಯವರೆಗೆ ನಡೆದುಕೊಂಡು ಬರಬೇಕಲ್ಲ.

ಅಪ್ಪ ಒಂದೇ ಹಟ ಹಿಡಿದಿದ್ದ. ಮೇಷ್ಟ್ರಾಗು, ಬೇಡ ಅನ್ನುವುದಿಲ್ಲ, ಆ ಜಗಲಿ ಮಾತ್ರ ಬೇಡ, ಬೇರೆ ಊರಿಗೆ ಹಾಕಿಸಿಕೋ ಎಂದ. ಸರ್ಕಾರ ನನ್ನ ಸೋದರಮಾವನಲ್ಲ, ಬೇಡ ಎಂದರೆ ಕೆಲಸವೇ ಹೋಗುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಪ್ಪನ ಮಾತು ಮೀರಿ ಹೋಗುವುದು ನನಗೆ ಕಷ್ಟವಲ್ಲ ಎಂದು ನೀನು ಅಂದುಕೊಳ್ಳಬಹುದು. ಕಷ್ಟವೇ. ರಾಗಿ ಹೊಲದ ಕೂಲಿಯಲ್ಲಿ ನನ್ನನ್ನು ಓದಿಸಿದವನು ಅವನು. ಬಸವರಾಜಣ್ಣನ ಮಾತಿಗಾದರೂ ಬಗ್ಗಿಯಾನು ಎಂದು ನಿಮ್ಮ ಮನೆಗೆ ಕರೆತಂದೆ.

ಬೆಳಿಗ್ಗೆ ಹೊರಟಾಗಲೇ ತಮಾಷೆ ಶುರುವಾಯಿತು. ನಮ್ಮಪ್ಪನ ಬಾಯಲ್ಲಿ ‘ಹ’ ಇಲ್ಲ ಎನ್ನುವುದು ನಿನಗೆ ಹೊಸದಲ್ಲ. ಹಾಸನ ಅವನಿಗೆ ಆಸನ, ಹೊಳೆ ಅವನಿಗೆ ಒಳೆ. ಟ್ರೈನಿಂಗಿನಲ್ಲಿ ನಮ್ಮಿಬ್ಬರಿಗೂ ಆ ಅಕ್ಷರ ಕೂರಿಸುವುದಕ್ಕೆ ಮೇಷ್ಟರು ಪಟ್ಟ ಪಾಡು ನೆನಪಿದೆಯಲ್ಲ. ಸಿಟಿ ಬಸ್ಸು ಬಂದು ನಿಂತಿತು, ಅವ್ವ ಸೀರೆ ಹಿಡಿದುಕೊಂಡು ಹಿಂದೆ ಮುಂದೆ ನೋಡುತ್ತಿದ್ದಳು. ಅಪ್ಪ ಹಿಂದಿನಿಂದ ಅತ್ತು, ಅತ್ತು ಬೇಗ ಎಂದು ಅವಸರ ಮಾಡಿದ. ಕಂಡಕ್ಟರು, ಯಾಕೆ ಯಜಮಾನರೇ ಬೆಳಿಗ್ಗೆ ಬೆಳಿಗ್ಗೆಯೇ ಅಮ್ಮನವರನ್ನು ಅಳಿಸುತ್ತೀರಿ ಎಂದ. ಬಸ್ಸೆಲ್ಲ ನಕ್ಕಿತು. ಅಪ್ಪನಿಗೆ ಏನೂ ತಿಳಿಯಲಿಲ್ಲ, ಅಳುವುದು ಯಾಕೆ, ಕೂರುವುದಕ್ಕೆ ಜಾಗ ಇದೆಯಲ್ಲ ಎಂದು ಅವ್ವನ ಪಕ್ಕ ಕೂತ. ನಾನೂ ನಕ್ಕೆ.

ವಿಧಾನಸೌಧದ ಎದುರು ಇಳಿದೆವು. ಅಷ್ಟು ಕಲ್ಲು ಒಂದೇ ಕಡೆ ಹೇಗೆ ನಿಂತಿತು ಎಂದು ಅಪ್ಪ ಕತ್ತೆತ್ತಿ ನೋಡಿದ. ಬಸವರಾಜಣ್ಣ ಮಿಲ್ಲಿನ ರಜೆಯ ಹುರುಪಿನಲ್ಲಿದ್ದರು. ಎಲ್ಲವನ್ನೂ ತಾವೇ ಕಟ್ಟಿಸಿದವರ ಹಾಗೆ ವಿವರಿಸುತ್ತ, ಸರ್ಕಾರದ ಕೆಲಸ ಎಂದರೆ ದೇವರ ಕೆಲಸ ಎಂದು ಮೇಲೆ ಬರೆಸಿದ್ದಾರೆ ಎಂದರು. ನಾವು ಮೆಟ್ಟಿಲ ಕಡೆಗೆ ನಡೆದೆವು. ಸ್ವಲ್ಪ ಹತ್ತಿ ತಿರುಗಿದರೆ ಅಪ್ಪ ಇಲ್ಲ.

ಕೆಳಗೇ ನಿಂತಿದ್ದಾನೆ. ಮೆಟ್ಟು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದಾನೆ, ಹೆಗಲ ಮೇಲಿದ್ದ ಟವಲು ಕಂಕುಳಿಗೆ ಬಂದಿದೆ. ಹೋಗುವವರ ದಾರಿಗೆ ಅಡ್ಡ ಬಾರದ ಹಾಗೆ ಓರೆಯಾಗಿ, ಊರ ಗುಡಿಯ ಮುಂದೆ ನಿಲ್ಲುವಂತೆಯೇ ನಿಂತಿದ್ದಾನೆ. ನಾನು ಇಳಿದು ಹೋಗಿ ಕರೆದೆ. "ನೀವ್ ಓಗ್ಬನ್ನಿ ಕಣವ್ವಾ, ದೇವ್ರ್ ತಾವು ಅಂದ್ರಲ್ಲ, ನಾನ್ ಇಲ್ಲೇ ಇರ್ತೀನಿ" ಎಂದ.

ಬಸವರಾಜಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಎಲ್ಲಿಂದ ಬಂತೋ ಸಿಟ್ಟು, ನಮ್ಮಪ್ಪ ನಗುವಂಥದ್ದು ಏನೂ ಮಾಡಿಲ್ಲ, ಇಷ್ಟು ವರ್ಷ ಅವನಿಗೆ ಕಲಿಸಿಕೊಟ್ಟದ್ದನ್ನು ಮಾಡಿದ್ದಾನೆ, ನಗುವುದಾದರೆ ಕಲಿಸಿದವರ ಮುಂದೆ ಹೋಗಿ ನಗಿ ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಅಕ್ಕ, ಅವರ ಮೇಲೆ ನನಗೆ ಈಗ ಎಳ್ಳಷ್ಟೂ ಕೋಪವಿಲ್ಲ. ಆಮೇಲೆ ಅವರೇ ಹೋಗಿ ಅಪ್ಪನ ಪಕ್ಕ ನಿಂತು, ಇದು ಗುಡಿಯಲ್ಲ ಮಾವ, ಕಚೇರಿ, ನಮ್ಮ ಕಡೆಯ ಚಿಕ್ಕಯ್ಯ ಇಲ್ಲೇ ಜವಾನನಾಗಿದ್ದಾನೆ, ದಿನವಿಡೀ ಬೂಟು ಹಾಕಿಕೊಂಡೇ ಇದನ್ನು ಹತ್ತಿ ಇಳಿಯುತ್ತಾನೆ ಎಂದು ಸಮಾಧಾನವಾಗಿ ಹೇಳಿದರು. ಚಿಕ್ಕಯ್ಯ ನಮ್ಮ ಜನದವನೇ ಎಂದು ತಿಳಿದು ಅಪ್ಪನ ಕಣ್ಣು ದೊಡ್ಡದಾಯಿತು. ಅವನು ಮಾಡುವುದೂ ದೇವರ ಕೆಲಸವೇ ಎಂದು ಕೇಳಿದ. ಸರ್ಕಾರದ ಸಂಬಳ ಬರುವವರದೆಲ್ಲ ಅದೇ ಎಂದರು ಬಸವರಾಜಣ್ಣ. ಆದರೂ ಅಪ್ಪ ಹತ್ತಲಿಲ್ಲ.

ಕಬ್ಬನ್ ಪಾರ್ಕಿನ ಮರದ ಕೆಳಗೆ ನಿನ್ನ ಬುತ್ತಿ ಬಿಚ್ಚಿದೆವು. ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಹಳ ರುಚಿಯಾಗಿತ್ತು, ಅವ್ವ ಅದನ್ನು ಬರೆಯಲೇಬೇಕು ಎಂದಿದ್ದಾಳೆ. ಅಪ್ಪ ಮಾತ್ರ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ನನಗೆ ಒಳಗೇ ದಿಗಿಲು. ಕಚೇರಿಯ ಮೆಟ್ಟಿಲನ್ನೇ ಹತ್ತದವನು ಗುಡಿಯ ಜಗಲಿಗೆ ನನ್ನನ್ನು ಕಳಿಸುತ್ತಾನೆಯೇ? ಬಂದ ಕೆಲಸ ಕೆಟ್ಟಿತು ಎಂದುಕೊಂಡೆ.

ಆಮೇಲೆ ಅವನು ನನ್ನ ಕಡೆ ತಿರುಗಿ, ನಿನಗೆ ಸಂಬಳ ಕೊಡುವವರು ಯಾರು ಎಂದು ಕೇಳಿದ. ಸರ್ಕಾರ ಎಂದೆ. ಮಕ್ಕಳಿಗೆ ಅಕ್ಷರ ಹೇಳಿಕೊಡುವುದು ಸರ್ಕಾರದ ಕೆಲಸ ತಾನೇ ಎಂದ. ಹೌದು ಎಂದೆ. ರೊಟ್ಟಿ ಕೆಳಗಿಟ್ಟ.

"ಅಂಗಾದ್ರೆ ನೀನ್ ಮಾಡಾದು ದೇವ್ರ್ ಕೆಲ್ಸ. ಅಷ್ಟ್ ದೊಡ್ಡ ಮನೆ ಮ್ಯಾಲೆ ಅವ್ರೇ ಬರ್ಕಂಡವ್ರೆ. ದೇವ್ರ್ ಕೆಲ್ಸ ಮಾಡೋಳು ದೇವ್ರ್ ಜಗಲಿ ಮ್ಯಾಲಲ್ದೆ ಇನ್ನೆಲ್ಲಿ ಕೂರ್ಬೇಕು? ಯಾರಾರಾ ಕೇಳಿದ್ರೆ ಬೆಂಗ್ಳೂರ್ಗೋಗಿ ಓದ್ಕಂಡ್ ಬನ್ನಿ ಅನ್ನು."

ಬಸವರಾಜಣ್ಣ ಈ ಸಲ ನಗಲಿಲ್ಲ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಈ ಬುದ್ಧಿ ಊರಲ್ಲೇ ಬಂದಿದ್ದರೆ ಬಸ್ಸಿನಲ್ಲಿ ನನಗೆ ವಾಂತಿಯಾಗುವುದು ತಪ್ಪುತ್ತಿತ್ತು ಎಂದಳು. ಅವಳಿಗೆ ಚನ್ನರಾಯಪಟ್ಟಣ ದಾಟಿದಾಗಿನಿಂದ ಅದೇ ಕಷ್ಟವಾಗಿತ್ತು.

ಲಾಲ್‌ಬಾಗಿನ ಬಸ್ಸು ಹಿಡಿಯೋಣ, ಗಾಜಿನ ಮನೆ ನೋಡೋಣ ಎಂದರೆ ಅಪ್ಪ ಏಳಲಿಲ್ಲ. ಹೂವು ನಮ್ಮೂರಲ್ಲೂ ಇದೆ, ಇನ್ನೊಂದು ಸಲ ಅಲ್ಲಿಗೇ ಹೋಗಬೇಕು ಎಂದ. ಹೋದೆವು. ಈ ಸಲ ಅವನು ಮೆಟ್ಟು ಬಿಚ್ಚಲಿಲ್ಲ, ಟವಲನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡ. ಬದಿಯಲ್ಲಲ್ಲ, ನಟ್ಟನಡುವೆ ಹತ್ತಿದ. ಮೇಲೆ ಹೋಗಿ ತಿರುಗಿ ನಿಂತು ಬೆಂಗಳೂರನ್ನು ಒಂದು ಸುತ್ತು ನೋಡಿ, ಆಗಲಿ ನಡೀರಿ ಎಂದ. ಇಷ್ಟೇ ಕಥೆ. ಲಾಲ್‌ಬಾಗ್ ಎಲ್ಲಿಗೆ ಓಡಿಹೋಗುತ್ತದೆ? ನಿನ್ನ ಮಗುವಿನ ಕೈ ಹಿಡಿದುಕೊಂಡು ನೋಡುತ್ತೇನೆ.

ನಾಳೆ ಕೆಲಸಕ್ಕೆ ಸೇರುತ್ತೇನೆ. ಅಪ್ಪ ಜೊತೆಗೆ ಬರುತ್ತೇನೆ ಎಂದು ಕೂತಿದ್ದಾನೆ. ಬೇಡ, ನನಗೇನು ಭಯವೇ, ನಿನ್ನಂತೆ ಕೆಳಗೆ ನಿಂತುಕೊಳ್ಳುವವಳಲ್ಲ ನಾನು ಎಂದು ರೇಗಿಸಿದೆ. ನಿಜವಾಗಿಯೂ ಭಯವಿಲ್ಲ ಅಕ್ಕ. ಸೀರೆಗೆ ಇಸ್ತ್ರಿ ಮಾಡಿ ಇಟ್ಟಿದ್ದೇನೆ, ಸೀಮೆಸುಣ್ಣ ಬೇರೆ ನನ್ನದೇ ತೆಗೆದುಕೊಂಡು ಹೋಗುತ್ತಿದ್ದೇನೆ. ಹೆರಿಗೆಯಾದ ಕೂಡಲೇ ಬಸವರಾಜಣ್ಣನ ಕೈಲಿ ಒಂದು ಕಾರ್ಡು ಬರೆಸು.

ಎಂದೆಂದೂ ನಿನ್ನವಳೇ ಆದ
ಬೆಟ್ಟಮ್ಮ

ಕೊನೆಗೊಂದು ಮಾತು, ಸೋಮವಾರ ಸಂಜೆ:

ಈ ಕಾಗದವನ್ನು ನಿನ್ನೆ ಟಪಾಲಿಗೆ ಹಾಕಲಾಗಲಿಲ್ಲ. ಮೇಲೆ ಜಂಬ ಕೊಚ್ಚಿದ್ದನ್ನು ಹೊಡೆದುಹಾಕೋಣ ಎಂದುಕೊಂಡೆ, ಇರಲಿ ಎಂದು ಬಿಟ್ಟಿದ್ದೇನೆ. ಬೆಳಿಗ್ಗೆ ಗುಡಿಯ ಮುಂದೆ ಊರಿನವರು ನಾಲ್ಕಾರು ಜನ ನಿಂತಿದ್ದರು. ಬಾ ಎಂದು ಯಾರೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, ಸುಮ್ಮನೆ ನೋಡಿದರು. ಜಗಲಿಯ ಮೇಲೆ ಮಕ್ಕಳು ಕೂತಿದ್ದರು. ಕೆಳಗಿನ ಮೆಟ್ಟಿಲ ಹತ್ತಿರ ಬಂದವಳು ನಾನು ಅಲ್ಲೇ ನಿಂತುಬಿಟ್ಟೆ. ಚಪ್ಪಲಿ ಬಿಚ್ಚಿದೆ, ಕಾಲು ಏಳಲಿಲ್ಲ. ನನಗೇ ತಿಳಿಯದೆ ಸೆರಗು ಕಂಕುಳಿಗೆ ಬಂದಿತ್ತು. ಆಗ, ಬೇಡವೆಂದರೂ ಜೊತೆಗೆ ಬಂದಿದ್ದ ಅಪ್ಪ ಹಿಂದಿನಿಂದ ಮೆಲ್ಲಗೆ, "ಅತ್ತು ಕಣವ್ವಾ, ಮಕ್ಳು ಕಾಯ್ತಾವೆ" ಎಂದ.

ಅಪ್ಪನ ಮಾತು ಮೀರಲಿಲ್ಲ. ಮೊದಲು ಹತ್ತಿದೆ. ಆಮೇಲೆ, ಮಕ್ಕಳಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ತಾರೀಖು ಬರೆಯುತ್ತ, ಅತ್ತೆ.