ಬೀಗರ ಎದೆಯ ಮೇಲೆ ಮಲಗಿದ ಗುಬ್ಬಿ

ಮಗಳ ಮನೆ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಇವಳಿಗೆ,

ನಾನು ಕ್ಷೇಮ. ನೀನು ಹೇಗಿದ್ದೀಯ? ಅತ್ತಿಗೆಯ ಕಾಲು ಹೇಗಿದೆ? ಪಟ್ಟಿ ಬಿಚ್ಚುವವರೆಗೆ ಕಾಲು ಊರಬಾರದು ಎಂದು ಡಾಕ್ಟರು ಹೇಳಿದ್ದರೂ ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಒಗ್ಗರಣೆ ಸರಿಯಾಗಿದೆಯೋ ಇಲ್ಲವೋ ಎಂದು ಇಣುಕುತ್ತಾರಂತಲ್ಲ. ಅವರ ಹಟ ನನಗೇನೂ ಹೊಸದಲ್ಲ, ಅವರ ತಂಗಿಯ ಜೊತೆ ಇಷ್ಟು ವರ್ಷ ಬಾಳಿದವನು ನಾನು. ಅಕ್ಕನನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಮಂಡಿಯನ್ನು ಮರೆಯಬೇಡ. ಫೋನು ಇರುವಾಗ ಈ ಮನುಷ್ಯ ಕಾಗದ ಯಾಕೆ ಬರೆಯುತ್ತಾನೆ ಎಂದು ಹುಬ್ಬೇರಿಸುತ್ತೀಯ, ಗೊತ್ತು. ನಾನು ಫೋನಿನಲ್ಲಿ ಗುಟ್ಟು ಹೇಳಿದರೆ ಬೀದಿಯ ಕೊನೆಯವರೆಗೂ ಕೇಳಿಸುತ್ತದೆ ಎಂದು ನೀನೇ ಹೇಳುವುದಲ್ಲವೇ? ಈಗ ಹೇಳಬೇಕಾದದ್ದು ಬೀಗರ ವಿಷಯ. ಅವರು ಕೆಳಗೆ ನಡುಮನೆಯಲ್ಲೇ ಕೂತಿದ್ದಾರೆ.

ನೀನು ಹೊರಟ ಮರುದಿನವೇ ಅವರು ಬಂದಿಳಿದರು. ಮದುವೆಯಲ್ಲಿ ಒಮ್ಮೆ, ಹೆರಿಗೆಯ ದಿನ ಒಮ್ಮೆ ನೋಡಿದ್ದೀಯಲ್ಲ, ಅಳಿಯನ ಅಪ್ಪ ಎಂದರೆ ಹೇಗಿರುತ್ತಾರೆ ಎಂದು. ಜೀವಮಾನವೆಲ್ಲ ಶಾಲೆಯ ಮಕ್ಕಳಿಗೆ ಡ್ರಿಲ್ ಮಾಡಿಸಿದ ಮೇಷ್ಟ್ರು. ಈಗಲೂ ಊಟಕ್ಕೆ ಕೂತರೆ ಅವರ ಬೆನ್ನು ಗೋಡೆಗಿಂತ ನೆಟ್ಟಗಿರುತ್ತದೆ. ಬೀಗಿತಿ ಹೋದಮೇಲೆ ಒಬ್ಬರೇ ಇರುವುದರಿಂದ ಯಾರನ್ನೂ ಕೇಳಬೇಕಾಗಿಲ್ಲ, ಚೀಲ ಎತ್ತಿಕೊಂಡು ಬಂದೇಬಿಟ್ಟರು. ಬಂದದ್ದು ಒಳ್ಳೆಯದೇ ಆಯಿತು ಅನ್ನು. ಹೆರಿಗೆಯ ಹೊಲಿಗೆ ಹಸಿಯಾಗಿರುವುದರಿಂದ ಮಗಳು ಮಗುವನ್ನು ಎತ್ತಿಕೊಂಡು ಓಡಾಡುವಂತಿಲ್ಲ. ಅಳಿಯ ಬೆಳಕು ಹರಿಯುವ ಮೊದಲೇ ಬ್ರೆಡ್ ಕಾರ್ಖಾನೆಗೆ ಹೋಗಿ, ಬಂದಮೇಲೆ ಮೈಮೇಲೆ ಹಿಟ್ಟು ಹಾಗೇ ಇರುವಾಗಲೇ ನಿದ್ದೆ ಹೋಗುತ್ತಾನೆ. ನಮ್ಮ ಮೊಮ್ಮಗಳು ಗುಬ್ಬಿಯೋ, ಹಾಸಿಗೆಗೆ ಬೆನ್ನು ತಾಗಿದರೆ ಕೆಂಡ ತಾಗಿದಂತೆ ಕಿರುಚುತ್ತಾಳೆ. ಇಡೀ ದಿನ ಯಾರಾದರೂ ಹೊತ್ತುಕೊಂಡೇ ಇರಬೇಕು. ಹಾಗಾಗಿ ಹಗಲೆಲ್ಲ ಅವಳು ಎರಡು ಮುದಿ ಹೆಗಲುಗಳ ಪಾಲು.

ನೋಡಲು ಬಂದಿದ್ದ ನರ್ಸಮ್ಮ, ಕೈ ಸೋಲದ ಹಾಗೆ ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಳ್ಳಿ ಎಂದರು. ಮಗುವಿನ ಮುಖ ಸದಾ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಬಾರದು, ಮಂಡಿ ಕುಂಡಿಗಿಂತ ಮೇಲಿರಬೇಕು, ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು ಎಂದು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ಬೀಗರು ಕೇಳಿಸಿಕೊಂಡರು. ವ್ಯತ್ಯಾಸ ಅಲ್ಲೇ ಆದದ್ದು. ಸಂಜೆಯೊಳಗೆ ಅವರು ಬನಿಯನ್ನಿನಂತೆ ಹಿಗ್ಗುವ ಬೂದು ಬಣ್ಣದ ಒಂದು ಉದ್ದನೆಯ ಬಟ್ಟೆ ತಂದು, ಸಕ್ಕರೆ ಚೀಲವನ್ನು ಎದೆಗೆ ಕಟ್ಟಿಕೊಂಡು ನಡುಮನೆಯಲ್ಲಿ ಅಭ್ಯಾಸ ಶುರುಮಾಡಿದರು. ಭುಜದ ಮೇಲೆ ಒಂದು ಸುತ್ತು, ಬೆನ್ನಿನಲ್ಲಿ ಒಂದು ಅಡ್ಡ, ಮುಂದೆ ತಂದು ಗಂಟು. ನನಗೆ ನಗು ತಡೆಯಲಾಗಲಿಲ್ಲ. “ಬೀಗ್ರೇ, ಸಕ್ಕರೆ ಮಲಗ್ತಾ?” ಎಂದು ಕೇಳಿದೆ. ಮರುದಿನ ಸಕ್ಕರೆ ಇದ್ದ ಜಾಗದಲ್ಲಿ ಗುಬ್ಬಿ ಬಂದಳು, ಒಂದು ಸಲ ಆಕಳಿಸಿದಳು, ಮಲಗಿದಳು. ನನ್ನ ನಗು ಅಲ್ಲಿಗೇ ನಿಂತುಹೋಯಿತು.

ಅಲ್ಲಿಂದಾಚೆ ನನ್ನ ಪಾಡು ಕೇಳಬೇಡ. ನಾನು ಎತ್ತಿಕೊಂಡರೆ ಅಳು, ಅವರ ಎದೆಗೆ ಹೋದರೆ ಬಾಯಿಗೆ ಬೀಗ. ಅವರು ಅವಳನ್ನು ಕಟ್ಟಿಕೊಂಡೇ ಪೇಪರು ಓದುತ್ತಾರೆ, ಕಾಳು ಆರಿಸುತ್ತಾರೆ, ಹಾಲು ತರಲು ಹೋಗುತ್ತಾರೆ. ಬೀದಿಯಲ್ಲಿ ನಡೆದರೆ ಮೆರವಣಿಗೆ ಹೊರಟಂತೆ. ತರಕಾರಿಯವಳು ತಕ್ಕಡಿ ಬಿಟ್ಟು ಬಂದು ನೋಡುತ್ತಾಳೆ. ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬಾಗಿಲಿಗೆ ಬಂದು, “ಅಜ್ಜ ಅಂದ್ರೆ ಹೀಗಿರ್ಬೇಕು ನೋಡಿ” ಎನ್ನುತ್ತಾನೆ. ಪಕ್ಕದಲ್ಲಿ ಹಾಲಿನ ಪಾತ್ರೆ ಹಿಡಿದು ನಡೆಯುತ್ತಿರುವ ನಾನು ಯಾರು ಹಾಗಾದರೆ? ಹಾಲಿನವನೇ? ನೀನು ನನ್ನ ಹೊಟ್ಟೆಯನ್ನು ಆಡಿಕೊಳ್ಳುತ್ತೀಯಲ್ಲ, ಬಸ್ಸಿನ ಡ್ರೈವರ್ ಸೀಟು ಕೊಟ್ಟ ಪಿಂಚಣಿ ಎಂದು. ಆ ಹೊಟ್ಟೆಯೊಳಗೆ ಎಷ್ಟು ಕಿಚ್ಚು ಹಿಡಿಸುತ್ತದೆ ಎನ್ನುವುದು ಆ ವಾರ ಗೊತ್ತಾಯಿತು. ಅವರ ಬಟ್ಟೆಯನ್ನೇ ಒಮ್ಮೆ ಕದ್ದು ಕಟ್ಟಿ ನೋಡಿದೆ. ಹೊಟ್ಟೆ ಸುತ್ತಿ ಬರುವಷ್ಟರಲ್ಲಿ ಗಂಟು ಹಾಕಲು ತುದಿಯೇ ಉಳಿಯಲಿಲ್ಲ.

ಅದಕ್ಕೆ ನಾನೇ ಅಂಗಡಿಗೆ ಹೋದೆ. ಮಕ್ಕಳ ಸಾಮಾನು ಮಾರುವ ದೊಡ್ಡ ಅಂಗಡಿ. ಅಲ್ಲಿನ ಹುಡುಗಿ ಒಂದು ಸಾಲಿನ ತುಂಬ ಜೋಳಿಗೆ ತೋರಿಸಿದಳು: ಸುತ್ತುವ ಬಟ್ಟೆ, ಉಂಗುರದೊಳಗೆ ತೂರಿಸುವ ಬಟ್ಟೆ, ಬೆಲ್ಟಿನ ಚೀಲ. ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿದಳು. ನನ್ನ ಕಣ್ಣು ಅಷ್ಟರಲ್ಲಿ ಬೆಲ್ಟಿನ ಚೀಲದ ಮೇಲೆ ನೆಟ್ಟಾಗಿತ್ತು. ಕಪ್ಪು ಬಣ್ಣ, ದಪ್ಪ ಪಟ್ಟಿ, ಕಟಕ್ಕೆಂದು ಕೂರುವ ಕ್ಲಿಪ್ಪು, ಎರಡು ಜೇಬು. ಇದರ ಮುಂದೆ ಬೀಗರ ಬೂದು ಬಟ್ಟೆ ಕೈ ಒರೆಸುವ ವಸ್ತ್ರದ ಹಾಗೆ. “ಇದು ಎಳೆ ಮಗುಗೆ ಆಗಲ್ಲ ಅಂಕಲ್, ಕತ್ತು ನಿಲ್ಲೋ ಮಗುಗೆ” ಎಂದಳು. “ನಾಲ್ಕು ತಿಂಗಳು” ಎಂದುಬಿಟ್ಟೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಕತ್ತು ಚೆನ್ನಾಗಿ ನಿಂತಿದೆ ಎಂದೂ ಸೇರಿಸಿದೆ.

ಮರುದಿನ ಮಧ್ಯಾಹ್ನ ಮಗಳು ಸ್ನಾನಕ್ಕೆ ಹೋದಳು, ಬೀಗರು ಕುರ್ಚಿಯಲ್ಲೇ ತೂಕಡಿಸಿದರು. ನಾನು ಗುಬ್ಬಿಯನ್ನು ಚೀಲಕ್ಕೆ ಇಳಿಸಿ, ಕ್ಲಿಪ್ಪು ಹಾಕಿ, ಬೀದಿಗೆ ಇಳಿದೆ. ಬೆನ್ನ ಮೇಲಿನ ಕ್ಲಿಪ್ಪು ಕೈಗೆ ಎಟುಕದೆ ಮೊದಲೇ ಹಾಕಿ ತಲೆಯಿಂದ ತೂರಿಸಿಕೊಂಡಿದ್ದೆ. ಎದೆಯುಬ್ಬಿಸಿ ನಡೆದೆ, ಇವಳೇ. ತರಕಾರಿಯವಳು ನೋಡಲಿ ಎಂದು ಅವಳ ಮುಂದೆ ಎರಡು ಸಲ ಹೋದೆ. ಗುಬ್ಬಿ ಸದ್ದಿಲ್ಲದೆ ಇದ್ದಳು. ನನ್ನ ಎದೆಯ ಮೇಲೂ ಮಲಗಿದಳಲ್ಲ ಎಂದು ಕಣ್ಣು ತುಂಬಿ ಬಂತು. ಕಟಿಂಗ್ ಶಾಪಿನ ಮುಂದೆ ಬೇಕೆಂದೇ ನಿಂತೆ. ಅವನು ನೋಡಿ, “ಅಜ್ಜಾ, ಮಗು ಎಲ್ಲಿ? ಬರೀ ಟೋಪಿ ಕಾಣ್ತಿದೆ” ಎಂದ.

ಬಗ್ಗಿ ನೋಡಿದೆ. ನನಗೂ ಟೋಪಿಯೇ ಕಂಡಿತು. ಅವಳು ಚೀಲದ ತಳಕ್ಕೆ ಜಾರಿ ಮುದುಡಿಹೋಗಿದ್ದಳು. ಟೋಪಿ ಸರಿಸಿದರೆ ಗದ್ದ ಎದೆಗೆ ಒತ್ತಿತ್ತು, ಮೂಗಿನಿಂದ ಏನೋ ಒಂಥರಾ ಗೊರಗೊರ ಶಬ್ದ. ಸೊಂಟದ ಕ್ಲಿಪ್ಪು ಬಿಚ್ಚಿದೆ, ಬೆನ್ನಿನದು ಸಿಗಲಿಲ್ಲ. ಎಷ್ಟೋ ಬಸ್ಸು ಇಳಿಜಾರಿನಲ್ಲಿ ಬ್ರೇಕು ಹೋದಾಗಲೂ ನಿಲ್ಲಿಸಿದವನು, ಒಂದು ಪ್ಲಾಸ್ಟಿಕ್ ಕ್ಲಿಪ್ಪಿಗೆ ಸೋತು “ಬಿಚ್ಚೋ, ಬಿಚ್ಚೋ” ಎಂದು ಕೂಗಿದೆ. ಅವನು ಕತ್ತರಿ ಎಸೆದು ಬಂದು, ನನ್ನನ್ನು ಅಂಗಡಿಯೊಳಕ್ಕೆ ಕರೆದೊಯ್ದು ಬಿಚ್ಚಿದ. ಅವಳನ್ನು ಎಳೆದು ತೆಗೆದು ಭುಜಕ್ಕೆ ಹಾಕಿಕೊಂಡೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅತ್ತಳು. ನಾನು ಕೂತಲ್ಲೇ ಕೂತುಬಿಟ್ಟೆ, ಕೆಳಗೆ ಬಿದ್ದಿದ್ದ ಕೂದಲಿನ ಮೇಲೆ.

ಅಷ್ಟರಲ್ಲಿ ಬೀಗರು ಬರಿಗಾಲಿನಲ್ಲಿ ಓಡಿಬಂದರು. ಎಚ್ಚರವಾಗಿ ನೋಡಿದರೆ ಮಗುವೂ ಇಲ್ಲ, ನಾನೂ ಇಲ್ಲ. ಕೈಚಾಚಿ ಅವಳನ್ನು ಕಸಿದುಕೊಳ್ಳುತ್ತಾರೆ, ನಾಲ್ಕು ಜನರ ಮುಂದೆ ನನಗೆ ಪಾಠ ಹೇಳುತ್ತಾರೆ ಎಂದುಕೊಂಡೆ. ಅವರು ಬಾಗಿಲಿಗೆ ಒರಗಿ ನಿಂತು, “ನೀವೇ ಹಿಡ್ಕೊಂಡಿರಿ ಬೀಗ್ರೇ, ನನ್ ಕೈ ನಡುಗ್ತಿದೆ” ಎಂದರು. ಅದೊಂದು ಮಾತಿಗಾಗಿ ಅವರ ಮೇಲೆ ಇನ್ನಷ್ಟು ಕೋಪ ಬಂತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಇದಕ್ಕೆ ಏನು ಮಾಡಲಿ?

ನರ್ಸಮ್ಮನನ್ನು ಕರೆಸಿ ತೋರಿಸಿದೆವು. ಉಸಿರು, ಎದೆ, ಬಣ್ಣ ಎಲ್ಲ ನೋಡಿ, ಏನೂ ಆಗಿಲ್ಲ ಎಂದರು. ನೀನು ಗಾಬರಿಯಾಗಬೇಡ. ಸೊಸೆಯ ಮುಂದೆ ಬೀಗರು ಬಾಯಿ ಬಿಡುತ್ತಿರಲಿಲ್ಲವೇನೋ, ನಾನೇ ಹೇಳಿದೆ. ಮಗಳು ಕೂಗಾಡಲಿಲ್ಲ. ಒದ್ದೆ ಕೂದಲು ಹಾಗೇ ಬಿಟ್ಟುಕೊಂಡು, “ಅಪ್ಪಾ, ನಿಮ್ಮ ಪೈಪೋಟಿಗೆ ನನ್ನ ಮಗುನೇ ಬೇಕಿತ್ತಾ?” ಎಂದಳು. ಅಷ್ಟೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಆ ಮನುಷ್ಯನ ಹಾಗೆ ಎರಡು ದಿನ ಮಹಡಿಯಲ್ಲೇ ಕೂತೆ. ಕೆಳಗಿನಿಂದ ಬೀಗರ ಲಾಲಿ ಕೇಳಿಸುತ್ತಿತ್ತು. ಡ್ರಿಲ್ ಮೇಷ್ಟ್ರಿಗೆ ಯಾವ ಲಾಲಿ ಬರುತ್ತದೆ ಹೇಳು. ಅದೂ ಒಂದು, ಎರಡು, ಮೂರು ಎಂದೇ. ಆದರೂ ಅವಳು ಮಲಗುತ್ತಿದ್ದಳು, ಅದು ನನಗೆ ಉರಿಯುತ್ತಿತ್ತು.

ಮೂರನೇ ದಿನ ಚೀಲವನ್ನು ಹಿಂದಿರುಗಿಸಲು ಹೊರಟಾಗ ಬೀಗರೂ ಚಪ್ಪಲಿ ಹಾಕಿಕೊಂಡರು. ಬೇಡ ಎನ್ನಲು ಮುಖ ಇರಲಿಲ್ಲ. ಹುಡುಗಿಗೆ ಈ ಸಲ ನಿಜ ಹೇಳಿದೆ, ಮಗು ಹುಟ್ಟಿ ಇನ್ನೂ ತಿಂಗಳಾಗಿಲ್ಲ ಎಂದು. ಅವಳು ಕಟ್ಟಿ ತೋರಿಸಲು ಒಳಗಿನಿಂದ ಮರಳು ತುಂಬಿದ ಗೊಂಬೆ ತಂದಳು. ಹೊಟ್ಟೆ ಇರುವವರಿಗೆ ಸುತ್ತುವ ಬಟ್ಟೆಗಿಂತ ಉಂಗುರದ್ದು ಸುಲಭ, ಬೇಕಾದಷ್ಟು ಎಳೆದು ಬಿಗಿ ಮಾಡಬಹುದು ಎಂದಳು. ಸ್ಟೇರಿಂಗ್ ತಿರುಗಿಸಿ ಸವೆದ ನನ್ನ ಬಲ ಭುಜ ನಿನಗೆ ಗೊತ್ತಲ್ಲ, ಅದಕ್ಕೇ ಎಡಕ್ಕೆ ಹಾಕಿಸಿದಳು. ಭುಜದ ಮೇಲೆ ಬಟ್ಟೆ ಹಗ್ಗದಂತೆ ಸುರುಳಿಯಾಗದೆ ಅಗಲವಾಗಿ ಹರಡಿದರೆ ಭಾರವೇ ತಿಳಿಯುವುದಿಲ್ಲ. ಗಟ್ಟಿ ನೇಯ್ಗೆಯ ಹತ್ತಿ ಬಟ್ಟೆ, ಹಳದಿ ಬಣ್ಣ. ಬಣ್ಣ ನಾನೇ ಆರಿಸಿದೆ, ದೂರದಿಂದ ಕಾಣಲಿ ಎಂದು. ಮನೆಯಲ್ಲಿ ಬೀಗರು ನನ್ನೆದುರು ನಿಂತು, ಸಕ್ಕರೆ ಚೀಲ ಇಟ್ಟು, “ಮೇಲಕ್ಕೆ, ಇನ್ನೂ ಮೇಲಕ್ಕೆ, ಮಂಡಿ ನೋಡಿ, ಗದ್ದ ನೋಡಿ” ಎಂದು ಡ್ರಿಲ್ ಮಾಡಿಸಿದರು. ಅವರಿಗೆ ಅದರಲ್ಲಿ ಎಷ್ಟು ಸುಖ ಸಿಕ್ಕಿತೆಂದು ಕಣ್ಣಿನಲ್ಲೇ ಕಾಣುತ್ತಿತ್ತು. ಸಹಿಸಿಕೊಂಡೆ.

ನಿನ್ನೆ ಮಗಳು ತಾನೇ ಗುಬ್ಬಿಯನ್ನು ತಂದು ನನ್ನ ಜೋಳಿಗೆಯಲ್ಲಿ ಕೂರಿಸಿದಳು. ಮನೆಯೊಳಗೆ ಮಾತ್ರ, ತನ್ನ ಕಣ್ಣಳತೆಯಲ್ಲಿ ಮಾತ್ರ ಎಂದಳು. ಗುಬ್ಬಿ ಕಪ್ಪೆಮರಿಯಂತೆ ಕಾಲು ಮಡಚಿ, ನನ್ನ ಹೊಟ್ಟೆಯನ್ನೇ ಜಗುಲಿ ಮಾಡಿಕೊಂಡು, ಕೆನ್ನೆ ಎದೆಗಿಟ್ಟು, ಮುಖ ಪೂರ್ತಿ ಕಾಣುವ ಹಾಗೆ ಮಲಗಿದಳು. ಬೀಗರ ಎದೆ ಹಲಗೆ ಇದ್ದಂತೆ, ನನ್ನದು ದಿಂಬು. ಅದಕ್ಕೇ ಬೇಗ ಮಲಗಿದಳು ಎಂದು ಮಗಳೇ ನಗುತ್ತಾ ಹೇಳಿದಳು. ಬೀಗರೂ ನಕ್ಕರು. ಆದರೆ ಅವರು ತಮ್ಮ ಬೂದು ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕೂತಿದ್ದರು. “ನಿಮ್ ಹತ್ರನೇ ಚೆನ್ನಾಗಿ ಮಲಗ್ತಾಳೆ ಬಿಡಿ” ಎಂದರು. ಆ ದನಿ ನನಗೆ ಚೆನ್ನಾಗಿ ಗೊತ್ತು. ಒಂದು ವಾರ ನನ್ನ ಗಂಟಲಿನಲ್ಲೇ ಇತ್ತು ಅದು. ನಿಜ ಹೇಳುತ್ತೇನೆ, ಮೊದಲು ಖುಷಿಯಾಯಿತು. ಆಮೇಲೆ ಅಷ್ಟೇನೂ ಆಗಲಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಕಾಲು ಊರಬೇಡಿ ಎಂದೂ ಹೇಳು. ಮಗಳು ಚೆನ್ನಾಗಿದ್ದಾಳೆ, ಹೊಲಿಗೆ ಮಾಗುತ್ತಿದೆ. ಗುಬ್ಬಿ ಇನ್ನೂ ಯಾರನ್ನೂ ಕೇಳುವುದಿಲ್ಲ, ಆದರೆ ಅವಳ ಪರವಾಗಿ ನಿನಗೆ ಒಂದು ಮುತ್ತು ಕಳಿಸಿದ್ದೇನೆ. ಊಟ ಮಾಡಿದ ತಕ್ಷಣ ಮಲಗಬೇಡ. ಗುರುವಾರ ನಿನ್ನನ್ನು ಕರೆತರಲು ನಾನೇ ಬರುತ್ತೇನೆ.

ನಿನ್ನ,
ಇವರು

ಮರೆತಿದ್ದೆ: ನೀನು ಬರುತ್ತೀಯ, ಮನೆಯಲ್ಲಿ ಜಾಗ ಸಾಲದು ಎಂದು ಬೀಗರು ಬುಧವಾರವೇ ಊರಿಗೆ ಹೊರಡುತ್ತಾರಂತೆ. ಈಗ ಮೇಲೆ ಬಂದು ಆ ಬೂದು ಬಟ್ಟೆಯನ್ನು ನನ್ನ ಮಂಚದ ಮೇಲಿಟ್ಟು, “ನಂಗಲ್ಲಿ ಇದರಿಂದ ಏನ್ ಕೆಲ್ಸ” ಎಂದು ಹೋದರು. ಇಲ್ಲೇ ಇರಿ ಎಂದೆ, ಉಪಚಾರದ ಮಾತು ಅಂದುಕೊಂಡರು. ನನ್ನ ಹೊಟ್ಟೆಕಿಚ್ಚು ಅವರಿಗೆ ಗೊತ್ತಿಲ್ಲವೇ, ನಂಬುವುದಾದರೂ ಹೇಗೆ? ಅದಕ್ಕೆ ಕೊರಿಯರಿನಲ್ಲಿ ಕಳಿಸುತ್ತಿರುವ ಈ ಕಾಗದ ತಲುಪಿದ ತಕ್ಷಣ ನೀನೇ ಫೋನು ಮಾಡಿ, ನಮ್ಮವರು ನಡುಮನೆಯಲ್ಲಿ ಮಲಗುತ್ತಾರೆ, ಹೋಗಬೇಡಿ ಎಂದು ಅವರಿಗೆ ಹೇಳು. ನೀನು ಹೇಳಿದರೆ ಕೇಳುತ್ತಾರೆ. ಆದರೆ ಅವರನ್ನು ತುಂಬಾ ಹೊಗಳಬೇಡ. ಒಂದೇ ಮಾತು ಸಾಕು.