ಧಾರಿಣಿಯ ಯಂತ್ರಕ್ಕೆ ಆಯುಧಪೂಜೆ

ಲೋಧಿ ಕಾಲೋನಿ, ದೆಹಲಿ
ಶನಿವಾರ, 11 ಅಕ್ಟೋಬರ್ 2025

ಧಾರಿಣಿಯ ಅಪ್ಪನಿಗೆ ಪಂಕಜಾಳ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಶಿಲ್ಲಾಂಗಿನ ಚಳಿಗೆ ಸ್ವೆಟರ್ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಾ ನಾನು ಮಡಿಸಿಟ್ಟ ಹಾಗೇ ಸೂಟ್‌ಕೇಸಿನಲ್ಲಿ ಮಲಗಿದೆಯೋ? ವರ್ಗವಾದ ಮೇಲಾದರೂ ನಿಮ್ಮ ಹಟ ಕಮ್ಮಿಯಾಗಬಹುದು ಅಂದುಕೊಂಡಿದ್ದೆ. ಫೋನ್ ಬಿಟ್ಟು ಕಾಗದ ಯಾಕೆ ಅಂತೀರಾ? ಈ ಸರ್ಕಾರಿ ಮನೆಯಲ್ಲಿ ಅಡುಗೆಮನೆಯ ಪಿಸುಮಾತೂ ಮಗಳ ಕೋಣೆಗೆ ಕೇಳುತ್ತದೆ. ಬರೆದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ಓದಿದ ತಕ್ಷಣ ಅಳಿಸಿಬಿಡಿ.

ನಿಮ್ಮ ಮಗಳ ಪಿಎಚ್‌ಡಿ ಗೊತ್ತಲ್ಲ. ರಕ್ತದಲ್ಲಿ ಆಲ್ಬುಮಿನ್ ಅಂತ ಒಂದು ಪ್ರೋಟೀನು, ನುಂಗಿದ ಔಷಧಿ ಅದಕ್ಕೆ ಅಂಟಿಕೊಂಡು ಮೈಯೆಲ್ಲ ಸುತ್ತುತ್ತದಂತೆ. ಅದನ್ನು ಪುಟ್ಟ ಗಾಜಿನ ಡಬ್ಬಿಯಲ್ಲಿ ಹಾಕಿ, ಲ್ಯಾಬಿನ ಯಂತ್ರದೊಳಗಿಟ್ಟು ಬೆಳಕು ಬಿಟ್ಟರೆ ಪ್ರೋಟೀನು ಹೊಳೆಯುತ್ತದೆ, ಔಷಧಿ ಅಂಟಿಕೊಂಡರೆ ಹೊಳಪು ಕುಗ್ಗುತ್ತದೆ. ಮದುವೆಯಾದ ಮೇಲೆ ನನ್ನ ಸಂಗೀತ ಕುಗ್ಗಿದ ಹಾಗೆ ಅಂದೆ. ಅವಳು ನಗಲಿಲ್ಲ, ‘ಅಮ್ಮಾ, ದಿಸ್ ಈಸ್ ಸೀರಿಯಸ್’ ಅಂದಳು.

ಆಯುಧಪೂಜೆಗೆ ನನ್ನನ್ನೂ ಲ್ಯಾಬಿಗೆ ಕರೆದಿದ್ದಳು. ಅವಳ ಗೈಡ್ ದಕ್ಷಿಣಾಮೂರ್ತಿಯವರು ತುಮಕೂರಿನ ಕಡೆಯವರು, ಯಂತ್ರಕ್ಕೆ ಪೂಜೆಯಿಲ್ಲದೆ ನವಮಿ ಕಳೆಯುವವರಲ್ಲ. ಸರೋಜಿನಿ ನಗರದಲ್ಲಿ ಹೂವಿನ ಭಯ್ಯಾನ ಹತ್ತಿರ ಚೌಕಾಸಿ ಮಾಡಿ ಚೆಂಡುಹೂವು ತಗೊಂಡು, ಕೋಸಂಬರಿ ಮಾಡಿಕೊಂಡು ಹೋದೆ. ಗೈಡ್ ಯಂತ್ರದ ಹೊರಮೈಗೆ ಕಾಗದ ಅಂಟಿಸಿ, ಅದರ ಮೇಲೆ ಸಾಸಿವೆಯಷ್ಟು ಕುಂಕುಮ ಇಟ್ಟರು. ಇದೆಂಥ ಪೂಜೆ, ಬಾಗಿಲಿಗೆ ಕೈಮುಗಿದು ಗರ್ಭಗುಡಿ ಬಿಟ್ಟ ಹಾಗಾಯಿತು ಅನ್ನಿಸಿತು. ಎಲ್ಲರೂ ಕೋಸಂಬರಿಗೆ ಕೈತೊಳೆಯಲು ಹೋದಾಗ ನಾನು ಯಂತ್ರದ ಹತ್ತಿರವೇ ಕೂತಿದ್ದೆ.

ಆಮೇಲೆ ಶುರುವಾಯಿತು ನೋಡಿ ಗ್ರಹಚಾರ. ಔಷಧಿ ಬೆರೆಸಿಟ್ಟರೆ ಕುಗ್ಗುವ ಬದಲು ಹಳದಿ-ಹಸಿರು ಹೊಳಪು. ಹೊಸ ಸಂಗತಿ ಸಿಕ್ಕಿತು ಅಂತ ಗೈಡ್ ಎಲ್ಲರಿಗೂ ಪೇಡಾ ಹಂಚಿದರಂತೆ. ಮರುದಿನ ಇವಳು ಬರೀ ನೀರಿಟ್ಟು ನೋಡಿದಳು, ನೀರೂ ಹೊಳೆಯಿತು. ಹಾಗಾದರೆ ಯಂತ್ರವೇ ಕೆಟ್ಟಿದೆ, ಯಾವತ್ತಿನಿಂದ ಕೆಟ್ಟಿದೆಯೋ, ಇಷ್ಟು ವರ್ಷ ಮಾಡಿದ್ದೆಲ್ಲ ಸುಳ್ಳಿರಬಹುದು ಅಂತ ತಲೆ ಮೇಲೆ ಕೈಹೊತ್ತು ಕೂತಿದ್ದಾಳೆ. ಸೋಮವಾರ ಸೆಮಿನಾರಿನಲ್ಲಿ ಎದ್ದು ನಿಂತು, ನನ್ನ ಪ್ರಬಂಧ ವಾಪಸ್ ತಗೋತೀನಿ ಅಂತ ಹೇಳುತ್ತಾಳಂತೆ. ನಿನ್ನೆಯಿಂದ ಮಗು ಸರಿಯಾಗಿ ಊಟ ಮಾಡಿಲ್ಲ. ಇವತ್ತು ಬೆಳಿಗ್ಗೆ, ‘ಅದರೊಳಗೆ ಹಳದಿಯಾಗಿ ಹೊಳೆಯೋಕೆ ಏನಿದೆಯಮ್ಮಾ?’ ಅಂತ ಅತ್ತೇಬಿಟ್ಟಳು. ನಾನು ಸಾರಿಗೆ ಅರಿಶಿನ ಹಾಕುತ್ತಿದ್ದೆ. ಸೌಟು ಕೈಯಲ್ಲೇ ನಿಂತಿತು.

ಇರಲಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ, ಕ್ಯಾಂಟೀನಿನ ಪಕೋಡ ಬಿಡಿ. ತಾಯಿ ಚಾಮುಂಡಿ ನಮ್ಮ ಮೂವರನ್ನೂ, ಈ ವಾರ ಮುಖ್ಯವಾಗಿ ನನ್ನನ್ನು, ಕಾಪಾಡಲಿ.

ನಿಮ್ಮ
ಪಂಕಜಾ

ತಾ.ಕ.: ಮುಚ್ಚಳ ತೆಗೆದು, ಗಾಜಿನ ಡಬ್ಬಿ ಇಡುವ ಗೂಡಿನೊಳಗೆ ಒಂದು ಚಿಟಿಕೆ ಅರಿಶಿನ ಹಾಕಿದ್ದು ನಾನೇ ಕಣ್ರೀ. ಅವಳ ಪಿಎಚ್‌ಡಿ ಸುಸೂತ್ರವಾಗಿ ಮುಗಿಯಲಿ ಅಂತಲೇ ಹಾಕಿದೆ. ಯಂತ್ರ ಕೆಟ್ಟಿಲ್ಲ, ಒರೆಸಿದರೆ ಸರಿಹೋದೀತು. ಈಗಲೇ ಹೋಗಿ ಹೇಳಿಬಿಡುತ್ತೇನೆ. ಆದರೆ ಹಾಕು ಅಂತ ಹೇಳಿಕೊಟ್ಟಿದ್ದು ಅಪ್ಪ ಅನ್ನುತ್ತೇನೆ, ಅವಳು ಫೋನ್ ಮಾಡಿದರೆ ಹೂಂ ಅನ್ನಿ. ನೀವು ಶಿಲ್ಲಾಂಗಿನಲ್ಲಿದ್ದೀರಿ, ರಾತ್ರಿ ಅವಳ ಎದುರು ಊಟಕ್ಕೆ ಕೂರಬೇಕಾದವಳು ನಾನು.